ಓದುಗರ ಪ್ರಶ್ನೆ: ಪ್ರಯೋಗಾಲಯದಿಂದ ಬೀದಿಗೆ

ಪ್ರಶ್ನೆ: ಆಫ್ರಿಕಾದ ವಿಶ್ವವಿದ್ಯಾಲಯಗಳ ಸಂಶೋಧನೆಯಿಂದ ಅಲ್ಲಿನ ಜನರ ನಿತ್ಯದ ತೊಂದರೆಗಳೇನಾದರೂ ನೀಗಿವೆಯೇ, ಅಥವಾ ಅದು ಪ್ರಬಂಧಗಳಲ್ಲೇ ಉಳಿಯುತ್ತದೆಯೇ?

ಉತ್ತರ: ಪ್ರಬಂಧಗಳಲ್ಲೇ ಉಳಿಯುವುದು ಬಹಳಷ್ಟಿದೆ, ಅದು ಆಫ್ರಿಕಾಕ್ಕಷ್ಟೇ ಅಂಟಿದ ದೋಷವಲ್ಲ. ಆದರೆ ಉಗಾಂಡಾದ ರಾಜಧಾನಿ ಕಂಪಾಲದಲ್ಲಿ 1922ರಲ್ಲಿ ಆರಂಭವಾದ ಮಕೆರೆರೆ ವಿಶ್ವವಿದ್ಯಾಲಯದ ‘ಏರ್‌ಕ್ಯೂಒ’ ಯೋಜನೆಯನ್ನು ನೋಡಿ. ವಾಯುಮಾಲಿನ್ಯ ಅಳೆಯುವ ವಿದೇಶಿ ಯಂತ್ರಗಳು ತೀರಾ ದುಬಾರಿ. ಧೂಳು, ಬಿಸಿಲು, ಪದೇ ಪದೇ ಕೈಕೊಡುವ ವಿದ್ಯುತ್ತು ಅವಕ್ಕೆ ಒಗ್ಗುವುದಿಲ್ಲ. ಆದ್ದರಿಂದ 2015ರಿಂದ ಅಲ್ಲಿನ ಸಂಶೋಧಕರು ಕಡಿಮೆ ವೆಚ್ಚದ ಸಾಧನವನ್ನು ತಾವೇ ರೂಪಿಸಿ, ಅದು ಸೌರಫಲಕದಿಂದಲೂ ನಡೆಯುವಂತೆ, ಅಳತೆಗಳನ್ನು ಮೊಬೈಲ್ ಜಾಲದ ಮೂಲಕ ಕಳುಹಿಸುವಂತೆ ಮಾಡಿದರು. ಕಟ್ಟಡ, ಕಂಬಗಳಿಗಷ್ಟೇ ಅಲ್ಲದೆ ‘ಬೋಡಾ ಬೋಡಾ’ ಎಂಬ ಬಾಡಿಗೆ ಮೋಟಾರ್‌ಸೈಕಲ್ಲುಗಳಿಗೂ ಅದನ್ನು ಕಟ್ಟಿದ್ದು ನನಗೆ ಬಹಳ ಹಿಡಿಸಿದ ಸಂಗತಿ: ಬೀದಿಯ ಗಾಳಿಯ ಲೆಕ್ಕ ಸವಾರನೊಂದಿಗೇ ಓಡಾಡುತ್ತದೆ.

ಆರೋಗ್ಯ ಕ್ಷೇತ್ರದಲ್ಲೂ ಇಂಥದ್ದಿದೆ. ಕೊರೊನಾ ವೈರಾಣುವಿನ ಜೀನೋಮನ್ನು, ಅಂದರೆ ಅದರ ಪೂರ್ಣ ಆನುವಂಶಿಕ ಸಂಕೇತವನ್ನು, ಆಫ್ರಿಕಾದಲ್ಲಿ ಮೊದಲು ಬಿಡಿಸಿ ಓದಿದವರಲ್ಲಿ ನೈಜೀರಿಯಾದ ರಿಡೀಮರ್ಸ್ ವಿಶ್ವವಿದ್ಯಾಲಯದ ವಿಜ್ಞಾನಿಗಳೂ ಇದ್ದರು; ಅದು 2020ರ ಮಾರ್ಚ್ ತಿಂಗಳಿನಲ್ಲಿ.

ತೊಡಕು ಹಣದ್ದು. ಒಟ್ಟು ದೇಶೀಯ ಉತ್ಪನ್ನದ (ಜಿಡಿಪಿ) ಶೇ. 1ರಷ್ಟನ್ನು ಸಂಶೋಧನೆಗೆ ಮೀಸಲಿಡಬೇಕೆಂಬ ಆಫ್ರಿಕಾ ಒಕ್ಕೂಟದ ಗುರಿಯನ್ನು ಹೆಚ್ಚಿನ ದೇಶಗಳು ಮುಟ್ಟಿಲ್ಲ. ಹಾಗಾಗಿ ಏನನ್ನು ಸಂಶೋಧಿಸಬೇಕೆಂಬುದನ್ನು ಎಷ್ಟೋ ಬಾರಿ ಹೊರಗಿನ ದಾನಿಗಳೇ ನಿರ್ಧರಿಸುತ್ತಾರೆ.