ಅವನೇ ಕರೆದು ತೋರಿಸಿದ, ಅಲ್ವಾ?

ಈ ವಾರಕ್ಕೆಂದು ಬೇರೆ ಎರಡು ಉತ್ತರ ಬರೆದಿಟ್ಟಿದ್ದೆ. ಒಂದು ಅತ್ತೆ ಸೊಸೆಯದ್ದು, ಇನ್ನೊಂದು ಅಣ್ಣ ತಮ್ಮಂದಿರ ಸೈಟಿನ ಪಾಲಿನದ್ದು. ಅವು ಮುಂದಿನ ವಾರಕ್ಕಿರಲಿ. ನ್ಯೂಜೆರ್ಸಿಯಿಂದ ಒಬ್ಬ ತಾಯಿ ಬರೆದ ಪತ್ರ ಓದಿದ ಮೇಲೆ ಎರಡು ರಾತ್ರಿ ನನಗೆ ನಿದ್ದೆ ಹತ್ತಿಲ್ಲ.

ಪತ್ರದ ಸಾರ ಇಷ್ಟು. ಯಜಮಾನರು ಕೊಡಗಿನವರು. ಅಮೆರಿಕಕ್ಕೆ ಹೋಗಿ 11 ವರ್ಷ. ಎಚ್-1ಬಿ ವೀಸಾ, ಗ್ರೀನ್ ಕಾರ್ಡಿನ ಸಾಲಿನಲ್ಲಿ ಇನ್ನೂ ಕಾಯುತ್ತಿದ್ದಾರೆ. ಮಗನಿಗೆ 17, ಕಾಲೇಜಿಗೆ ಅರ್ಜಿ ಹಾಕುವ ಸಮಯ. ಅಲ್ಲೇ ಹುಟ್ಟಿದ ಮಗಳಿಗೆ 9. ಎರಡು ವರ್ಷದ ಹಿಂದೆ ಹುಟ್ಟುಹಬ್ಬಕ್ಕೆ ಟೆಕ್ಸಾಸ್‌ನ ಸೋದರಮಾವ ಹುಡುಗನಿಗೊಂದು 3ಡಿ ಪ್ರಿಂಟರ್, ಅಂದರೆ ಕಂಪ್ಯೂಟರ್ ಫೈಲ್ ನೋಡಿ ಪ್ಲಾಸ್ಟಿಕ್ಕಿನಲ್ಲಿ ವಸ್ತು ಮಾಡಿಕೊಡುವ ಯಂತ್ರ, ಕಳಿಸಿದರು. ಹೋದ ತಿಂಗಳು ಅದರಲ್ಲಿ ಅವನು ಪಿಸ್ತೂಲಿನ ಫ್ರೇಮ್, ಅಂದರೆ ಉಳಿದ ಭಾಗಗಳು ಕೂರುವ ಚೌಕಟ್ಟು, ಮುದ್ರಿಸಿದ್ದಾನೆ. ತಾಯಿ ಕಿರುಚಿದರು. ತಂದೆ ನಕ್ಕರು. 'ಅರ್ಧಂಬರ್ಧ ಪ್ಲಾಸ್ಟಿಕ್ಕು, ಅದರಲ್ಲಿ ಗುಂಡು ಹಾರುತ್ತಾ? ಕೊಡಗಿನ ರಕ್ತ, ಕೋವಿ ಆಸೆ ಇದ್ದೇ ಇರುತ್ತೆ' ಎಂದರು. ಸೋದರಮಾವ ಫೋನಿನಲ್ಲಿ, 'ಫೈಲಿನ ಲಿಂಕ್ ಕೊಟ್ಟಿದ್ದೇ ನಾನು. ಈ ದೇಶದಲ್ಲಿ ಅದು ಹಕ್ಕು' ಎಂದರು. ಈಗ ತಾಯಿಯ ಪ್ರಶ್ನೆ: 'ಪೊಲೀಸರಿಗೆ ಹೇಳಿದರೆ ಮಗನ ಬದುಕು ಹೋಯ್ತು. ಸುಮ್ಮನಿದ್ದರೆ ನನ್ನ ಜೀವ ಹೋಗುತ್ತಿದೆ. ಏನು ಮಾಡಲಿ?'

ಅಮ್ಮಾ, ನಿಮ್ಮ ಪತ್ರದಲ್ಲಿ ನಾಲ್ಕು ಪುಟ ಭಯ ಇದೆ. ಮೂರನೇ ಪುಟದ ಕೊನೆಗೆ ಒಂದು ಸಾಲು ಬರೆದು ಮುಂದಕ್ಕೆ ಹೋಗಿಬಿಟ್ಟಿದ್ದೀರಿ. 'ಅವನೇ ಅಮ್ಮಾ ಇಲ್ಲಿ ಬಾ ಅಂತ ಕರೆದು ತೋರಿಸಿದ, ಅದು ಬೇರೆ ಮಾತು.'

ಬೇರೆ ಮಾತು ಅಂತ ಯಾಕೆ ಅಂದಿರಿ? ನನಗೆ ನಿಮ್ಮ ಪತ್ರದಲ್ಲಿ ಕಂಡ ಮುಖ್ಯ ಮಾತೇ ಅದು.

ಮುಚ್ಚಿಡಬೇಕು ಅಂತ ಹೊರಟ ಹುಡುಗ ಅಮ್ಮನನ್ನು ಕೂಗಿ ಕರೆಯುವುದಿಲ್ಲ. ನೀವೇ ಬರೆದಿದ್ದೀರಿ, ಅದೇ ಮೇಜಿನ ಮೇಲೆ ಅವನು ಮಿಕ್ಸಿ ಮುಚ್ಚಳದ ಒಡೆದ ಗುಂಡಿ ಮಾಡಿಕೊಟ್ಟ. ತಂಗಿಗೆ ರಂಗೋಲಿ ಅಚ್ಚು ಮಾಡಿಕೊಟ್ಟ. ಚೌತಿಗೆ ಅಂಗೈಯಗಲದ ಗಣಪತಿ ಮಾಡಿದ, ಸೊಂಡಿಲು ಎರಡು ಸಲ ಮುರಿದು ಮೂರನೇ ಸಲಕ್ಕೆ ಸರಿಬಂತು. ಪ್ರತಿ ಸಲವೂ 'ಅಮ್ಮಾ, ಇಲ್ಲಿ ಬಾ' ಅಂತಲೇ ಕರೆದಿದ್ದಾನೆ. ಈ ಸಲವೂ ಹಾಗೇ ಕರೆದ. ಎಂಥದ್ದನ್ನು ಮಾಡಿದ್ದೇನೆ ಅಂತ ಅವನಿಗೆ ಪೂರ್ತಿ ತಿಳಿದಿರಲಿಕ್ಕಿಲ್ಲ. ಅಥವಾ ತಿಳಿದು ಅವನಿಗೇ ಹೆದರಿಕೆಯಾಗಿ ದೊಡ್ಡವರು ಯಾರಾದರೂ ನೋಡಲಿ ಅನ್ನಿಸಿರಬಹುದು. ಯಾವುದು ನಿಜ ಅಂತ ನಾನು ಇಲ್ಲಿ ಕೂತು ಹೇಳಲಾರೆ. ನೀವು ಕೇಳಿದರೆ ಗೊತ್ತಾಗುತ್ತೆ.

ನೀವು ಕಿರುಚಿದ್ದು ತಪ್ಪು ಅಂತ ನಾನು ಹೇಳಲ್ಲ. ಮಗನ ಕೈಯಲ್ಲಿ ಅದನ್ನು ನೋಡಿ ಕಿರುಚದ ತಾಯಿ ಯಾರಿದ್ದಾರೆ? ಆದರೆ ಅದಾದ ಮೇಲೆ ಅವನು ಏನನ್ನೂ ತೋರಿಸಿಲ್ಲ. ರಾತ್ರಿ ಹೊತ್ತು ಪ್ರಿಂಟರ್ ಸದ್ದು ಕೇಳುತ್ತೆ, ಏನು ಮಾಡುತ್ತಿದ್ದಾನೆ ಅಂತ ಕೇಳಲು ಧೈರ್ಯ ಬಂದಿಲ್ಲ ಅಂತಲೂ ಬರೆದಿದ್ದೀರಿ. ಅದನ್ನು ಓದುವಾಗ ನನ್ನ ಕೈ ತಣ್ಣಗಾಯ್ತು.

ನಿಮ್ಮ ಯಜಮಾನರ 'ಕೊಡಗಿನ ರಕ್ತ'ದ ಮಾತಿಗೆ ನಾನು ಉತ್ತರ ಕೊಡಲೇಬೇಕು. ನಾನು ಕೊಡವಳಲ್ಲ. ಆದರೆ ಹುಟ್ಟಿ ಬೆಳೆದದ್ದು ಸೋಮವಾರಪೇಟೆ ಕಡೆ. ಗೆಳತಿಯ ಕುಲದ ಮೂಲಮನೆ, ಐನ್‌ಮನೆಯಲ್ಲಿ ಎಷ್ಟೋ ಸೆಪ್ಟೆಂಬರ್‌ಗಳಲ್ಲಿ ಕೈಲ್‌ಪೊಳ್ದ್ ನೋಡಿದ್ದೇನೆ, ಕೊಡವರ ಆಯುಧ ಪೂಜೆಯ ಹಬ್ಬ ಅದು. ಕೋವಿಗಳನ್ನು ಒರೆಸಿ, ಸಾಲಾಗಿ ಇಟ್ಟು, ತೋಕ್ ಪೂ (ಕೋವಿ ಹೂ) ಸಿಕ್ಕಿಸಿ ಪೂಜೆ ಮಾಡುತ್ತಿದ್ದರು. ಕಡಂಬುಟ್ಟು ಪಂದಿಕರಿ ಊಟ ಆದ ಮೇಲೆ ತೆಂಗಿನಕಾಯಿಗೆ ಗುರಿ ಇಡುವ ಪಂದ್ಯ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು. ದೂರದ ತೋಟದಲ್ಲಿದ್ದವರಿಗೆ ಸದ್ದು ಕೇಳಿಯೇ ಸುದ್ದಿ ತಿಳಿಯುತ್ತಿತ್ತು. ಕೊಡವರಿಗೂ ವಂಶಪಾರಂಪರ್ಯದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಬ್ರಿಟಿಷರ ಕಾಲದಿಂದ ಇದೆ. 2021ರಲ್ಲಿ ಕರ್ನಾಟಕ ಹೈಕೋರ್ಟ್ ಕೂಡ ಅದನ್ನು ಎತ್ತಿಹಿಡಿಯಿತು. ಆದರೆ ಆ ವಿನಾಯಿತಿಗೂ ಜಿಲ್ಲಾಡಳಿತದ ಪತ್ರ ಬೇಕು.

ಅಲ್ಲಿ ನಾನು ನೋಡಿದ ಒಂದೊಂದು ಕೋವಿಯೂ ಯಾರದೋ ಒಬ್ಬರದ್ದಾಗಿತ್ತು. ಇದು ಅಜ್ಜನ ಜೋಡಿ ನಳಿಗೆ, ಇದು ದೊಡ್ಡಪ್ಪನ ಒಂಟಿ ನಳಿಗೆ ಅಂತ ಊರಿಗೇ ಗೊತ್ತು. ಹುಡುಗರು ಹಿರಿಯರನ್ನು ಕೇಳದೆ ಮುಟ್ಟುವಂತಿರಲಿಲ್ಲ. ನಮ್ಮ ಮನೆಯಲ್ಲೂ ಕಾಡುಹಂದಿ ಕಾಟಕ್ಕೆ ಲೈಸೆನ್ಸ್ ತೆಗೆದ ಕೋವಿ ಒಂದಿತ್ತು. ಚುನಾವಣೆ ಬಂತು ಅಂದರೆ ನಮ್ಮಪ್ಪ ಅದನ್ನು ಗೋಣಿಚೀಲದಲ್ಲಿ ಸುತ್ತಿ ಠಾಣೆಗೆ ಒಯ್ದು ಕೊಟ್ಟು, ಚೀಟಿ ತಂದು ದೇವರ ಕೋಣೆಯ ಗೂಡಿನಲ್ಲಿ ಇಡುತ್ತಿದ್ದರು. ನಂಬರ್ ತಪ್ಪಿಲ್ಲ ತಾನೇ ಅಂತ ಎರಡೆರಡು ಸಲ ಓದುತ್ತಿದ್ದರು. ನಿಮ್ಮ ಮಗ ಮಾಡಿದ್ದಕ್ಕೆ ನಂಬರೂ ಇಲ್ಲ, ಚೀಟಿಯೂ ಇಲ್ಲ, ಯಾರ ಪುಸ್ತಕದಲ್ಲೂ ಹೆಸರಿಲ್ಲ. ಅಲ್ಲಿಯವರು ಇಂಥವನ್ನು ಘೋಸ್ಟ್ ಗನ್ ಅಂತ ಕರೆಯುವುದು ಇದಕ್ಕೇ. ಇದನ್ನು ಕೊಡಗಿನ ಕೋವಿಯ ಪಕ್ಕ ಇಟ್ಟು ಮಾತಾಡಬೇಡಿ ಅಂತ ನಿಮ್ಮ ಯಜಮಾನರಿಗೆ ಹೇಳಿ. ನಾನು ಹೇಳಿದೆ ಅಂತಲೇ ಹೇಳಿ.

ಆದರೂ ಅವರ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಗಾಬರಿಯಾದಾಗ ನಗುವ ಗಂಡಸರು ಬಹಳ ಜನ. ಸಿಟ್ಟು ಇರುವುದು ನಿಮ್ಮ ಅಣ್ಣನ ಮೇಲೆ. ಅವರು ಆಡುವ ಮಾತು ಹೊಸದಲ್ಲ. 2013ರ ಮೇ ತಿಂಗಳಲ್ಲಿ ಅವರ ಟೆಕ್ಸಾಸ್‌ನಲ್ಲೇ ಕೋಡಿ ವಿಲ್ಸನ್ ಎಂಬ ಕಾನೂನು ವಿದ್ಯಾರ್ಥಿ 'ಲಿಬರೇಟರ್' ಎಂಬ ಪಿಸ್ತೂಲ್ ಮುದ್ರಿಸಿ ಹಾರಿಸಿ ತೋರಿಸಿದ. 16 ಭಾಗಗಳಲ್ಲಿ 15 ಪ್ಲಾಸ್ಟಿಕ್. ಅದರ ಫೈಲ್ ಎರಡೇ ದಿನದಲ್ಲಿ ಸುಮಾರು 1 ಲಕ್ಷ ಸಲ ಡೌನ್‌ಲೋಡ್ ಆಯಿತು. ಅಷ್ಟಾದ ಮೇಲೆ ಸರ್ಕಾರ ತೆಗೆಸಿತು. ಫೈಲ್ ಎಂದರೆ ಬರಹ ಇದ್ದ ಹಾಗೆ, ಬರಹವನ್ನು ತಡೆಯುವುದು ಮಾತಿನ ಸ್ವಾತಂತ್ರ್ಯವನ್ನೇ ತಡೆದಂತೆ ಅಂತ ವಿಲ್ಸನ್ ಕಡೆಯವರು ಕೋರ್ಟಿಗೆ ಹೋದರು. 2018ರಲ್ಲಿ ಸರ್ಕಾರ ರಾಜಿಗೆ ಒಪ್ಪಿತು. ಫೈಲ್ ಮತ್ತೆ ಬಹಿರಂಗವಾಗಬೇಕು ಅನ್ನುವ ಹೊತ್ತಿಗೆ, ಜುಲೈ 31ರಂದು ಸಿಯಾಟಲ್‌ನ ನ್ಯಾಯಾಧೀಶ ರಾಬರ್ಟ್ ಲಾಸ್ನಿಕ್ ತಡೆ ಕೊಟ್ಟರು.

ಬರಹವನ್ನು ತಡೆಯಬಹುದೇ ಎಂಬ ಪ್ರಶ್ನೆ ಸಣ್ಣದಲ್ಲ, ಒಪ್ಪುತ್ತೇನೆ. ಬರೆದೇ ಬದುಕುವ ನನಗೆ ಅದು ಜಾಸ್ತಿಯೇ ನಾಟುತ್ತೆ. ಆದರೆ ಆ ವಾದವನ್ನು ದೊಡ್ಡವರು ಕೋರ್ಟಿನಲ್ಲಿ ಮಾಡಲಿ. 17ರ ಹುಡುಗನ ಮೇಜಿನ ಮೇಲೆ ಅಲ್ಲ. ಆ ಪಿಸ್ತೂಲನ್ನು ಅಮೆರಿಕದ ಸರ್ಕಾರದವರೇ ಮುದ್ರಿಸಿ ಪರೀಕ್ಷೆ ಮಾಡಿದರು. ಒಂದು ಬಗೆಯ ಪ್ಲಾಸ್ಟಿಕ್ಕಿನದ್ದು ಎಂಟು ಗುಂಡು ಹಾರಿಸಿದರೂ ಒಡೆಯಲಿಲ್ಲ. ಇನ್ನೊಂದು ಬಗೆಯದ್ದು ಮೊದಲ ಗುಂಡಿಗೇ ಚೂರು ಚೂರಾಯಿತು. ಅದನ್ನು ಹಿಡಿದ ಕೈ ನಿಮ್ಮ ಮಗನದ್ದಾಗಿದ್ದರೆ? ನಿಮ್ಮಣ್ಣ ಇದನ್ನು ಅವನಿಗೆ ಹೇಳಿದ್ದಾರಾ?

ಇನ್ನೂ ಒಂದು. ನಿಮ್ಮಣ್ಣ ಅಲ್ಲಿನ ಸಿಟಿಜನ್. ನಿಮ್ಮ ಮಗ ಅಲ್ಲ. ಅವನು ಎಚ್-1ಬಿಯವರ ಹೆಂಡತಿ ಮಕ್ಕಳಿಗೆ ಕೊಡುವ ಎಚ್-4 ವೀಸಾದಲ್ಲಿ ಇದ್ದಾನೆ. ಬೇಟೆ ಲೈಸೆನ್ಸಿನಂಥ ಕೆಲವು ವಿನಾಯಿತಿ ಬಿಟ್ಟರೆ ಇಂಥ ವೀಸಾದಲ್ಲಿರುವವರು ಬಂದೂಕು ಇಟ್ಟುಕೊಳ್ಳುವುದೇ ಫೆಡರಲ್ ಅಪರಾಧ. ಶಿಕ್ಷೆ 15 ವರ್ಷದವರೆಗೆ ಇದೆ. 18 ತುಂಬದವರ ಕೈಯಲ್ಲಿ ಪಿಸ್ತೂಲ್ ಇರುವುದಕ್ಕೆ ಬೇರೆಯೇ ನಿಷೇಧ ಇದೆ. ಬಂದೂಕಿನ ಪ್ರಕರಣದಲ್ಲಿ ಶಿಕ್ಷೆಯಾದರೆ ದೇಶದಿಂದ ಹೊರಗೆ ಕಳಿಸಲೂಬಹುದು. ನ್ಯೂಜೆರ್ಸಿ ಅಂತೂ 2018ರ ನವೆಂಬರ್‌ನಲ್ಲೇ ಕಾನೂನು ತಂದಿತು. ಲೈಸೆನ್ಸ್ ಇಲ್ಲದೆ ಪ್ರಿಂಟರ್‌ನಲ್ಲಿ ಬಂದೂಕು ಮಾಡುವುದು ಅಲ್ಲಿ ಅಪರಾಧ. ಲೈಸೆನ್ಸ್ ಇಲ್ಲದವರಿಗೆ ಅದರ ಫೈಲ್ ಹಂಚುವುದೂ ಅಪರಾಧ. ಆ ಕಾಲದಲ್ಲಿ ಫೈಲ್ ಹಂಚಲು ಹೊರಟ ವಿಲ್ಸನ್ ಕಂಪನಿಯ ಎದುರು ನಿಂತ ಅಲ್ಲಿನ ಅಟಾರ್ನಿ ಜನರಲ್ ನಮ್ಮ ಭಾರತ ಮೂಲದವರೇ, ಗುರ್ಬೀರ್ ಗ್ರೇವಾಲ್. ಟೆಕ್ಸಾಸ್‌ನ ಸೋಫಾದಲ್ಲಿ ಕೂತು ಹಕ್ಕು ಅಂತ ಹೇಳಿದ ಮಾತು ಗಡಿ ದಾಟಿ ನಿಮ್ಮ ಮನೆಗೆ ಬರುವಷ್ಟರಲ್ಲಿ ಏನಾಯಿತು ನೋಡಿ. ಪ್ರೀತಿಯಿಂದಲೇ ಪ್ರಿಂಟರ್ ಕೊಟ್ಟಿರಬಹುದು. ಆದರೆ ಆ ಲಿಂಕ್ ಕೊಡುವಾಗ ನಿಮ್ಮನ್ನು ಒಂದು ಮಾತು ಕೇಳಲಿಲ್ಲ. ನನಗೆ ಕ್ಷಮಿಸಲು ಆಗುತ್ತಿಲ್ಲ.

'ಅರ್ಧಂಬರ್ಧ ಪ್ಲಾಸ್ಟಿಕ್ಕು' ಅನ್ನುವುದೂ ನಿಲ್ಲುವ ಮಾತಲ್ಲ. ಅಮೆರಿಕದ ಕಾನೂನಿನ ಕಣ್ಣಲ್ಲಿ ಬಂದೂಕು ಅಂದರೆ ಆ ಫ್ರೇಮೇ. ಉಳಿದದ್ದು ಬಿಡಿಭಾಗ. ಮನೆಯಲ್ಲಿ ಜೋಡಿಸುವ ಕಿಟ್‌ಗಳ ವಿಷಯದಲ್ಲಿ 2025ರ ಮಾರ್ಚ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಕೂಡ 7-2ರಲ್ಲಿ, ಅವನ್ನೂ ಬಂದೂಕು ಅಂತಲೇ ನೋಡಬಹುದು ಎನ್ನುವ ಸರ್ಕಾರದ ನಿಯಮವನ್ನೇ ಎತ್ತಿಹಿಡಿಯಿತು.

ಈಗ ನನಗೆ ಕಾನೂನಿಗಿಂತ ಜಾಸ್ತಿ ಕಾಡುವ ಮಾತು. ಅಮೆರಿಕದಲ್ಲಿ ಬಂದೂಕಿನಿಂದ ಸಾಯುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ತಮ್ಮ ಜೀವ ತಾವೇ ತೆಗೆದುಕೊಂಡವರು. ಮಗ ಯಾರನ್ನೋ ಹೊಡೆಯುತ್ತಾನೆ ಎಂಬ ಭಯ ನಿಮ್ಮ ಪತ್ರದ ತುಂಬ ಇದೆ. ಅವನು ಚೆನ್ನಾಗಿದ್ದಾನಾ ಎಂಬ ಪ್ರಶ್ನೆ ಎಲ್ಲೂ ಇಲ್ಲ. ಕಾಲೇಜಿನ ಒತ್ತಡ, 21 ತುಂಬಿದರೆ ನಿಮ್ಮ ವೀಸಾದ ನೆರಳು ತಪ್ಪುವ ಭಯ, ಹುಟ್ಟಿದ ದೇಶ ನೆನಪಿಲ್ಲ, ಬೆಳೆದ ದೇಶ ಇರಿಸಿಕೊಳ್ಳುತ್ತೋ ಇಲ್ಲವೋ ಗೊತ್ತಿಲ್ಲ. ಇದೆಲ್ಲ ಆ ವಯಸ್ಸಿನ ಹುಡುಗನ ಎದೆಯ ಮೇಲೆ ಕೂತಿರುತ್ತೆ. ಸಾಯುವ ಮಾತು, ಯಾರಿಗಾದರೂ ಏನಾದರೂ ಮಾಡುವ ಮಾತು ಒಂದೇ ಒಂದು ಸಲ ಅವನ ಬಾಯಿಂದ ಬಂದಿದ್ದರೂ ಈ ಅಂಕಣವನ್ನು ಇಲ್ಲಿಗೇ ಬಿಟ್ಟು ಸಂಕಟದಲ್ಲಿರುವವರ ಸಹಾಯವಾಣಿ 988ಕ್ಕೆ ಫೋನ್ ಮಾಡಿ. ಕೈಯಲ್ಲಿ ಗುಂಡು ಕಂಡರೆ ತುರ್ತು ನಂಬರ್ 911. ವೀಸಾ ಆಮೇಲೆ.

ಅಂಥದ್ದೇನೂ ಇಲ್ಲ ಅಂದರೆ ಮಾಡಬೇಕಾದ್ದು ಒಂದೇ. ಇವತ್ತೇ ಒಬ್ಬ ಕ್ರಿಮಿನಲ್ ವಕೀಲರಿಗೆ ಫೋನ್ ಮಾಡಿ. ವೀಸಾ ವಿಷಯವೂ ಗೊತ್ತಿರುವವರನ್ನೇ ಹುಡುಕಿ. ಆಫೀಸಿನಲ್ಲಿ ಎಚ್-1ಬಿ ಕಾಗದ ಮಾಡುವ ವಕೀಲರು ಕಂಪನಿಯ ಕಡೆಯವರು, ಅವರಿಗೆ ಹೇಳಬೇಡಿ. ನೀವು ವಕೀಲರಿಗೆ ಹೇಳಿದ್ದು ಗುಟ್ಟಾಗಿಯೇ ಉಳಿಯುತ್ತೆ, ಅದು ಅವರ ಧರ್ಮ. ಮೊದಲೇ ಲಿಖಿತವಾಗಿ ತಿಳಿಸಿ ತಾವಾಗಿಯೇ ಒಪ್ಪಿಸುವವರಿಗೆ ನ್ಯೂಜೆರ್ಸಿ ಕಾನೂನಿನಲ್ಲಿ ಒಂದು ದಾರಿ ಇದೆ. ಅದು ನಿಮಗೆ ಹೊಂದುತ್ತಾ, ಹೇಗೆ ಮಾಡಬೇಕು ಅಂತ ವಕೀಲರೇ ಹೇಳಬೇಕು. ಅಲ್ಲಿವರೆಗೆ ಅದನ್ನು ಕಾರಿನಲ್ಲಿ ಹಾಕಿಕೊಂಡು ಠಾಣೆಗೆ ಹೊರಡಬೇಡಿ, ಹಾಗೆ ಒಯ್ಯುವುದೇ ಇನ್ನೊಂದು ಕೇಸ್ ಆಗಬಹುದು. ಒಡೆದು ಕಸಕ್ಕೂ ಹಾಕಬೇಡಿ. ವಾಟ್ಸ್ಆ್ಯಪ್‌ನಲ್ಲಿ ಯಾರಿಗೂ ಒಂದಕ್ಷರ ಬರೆಯಬೇಡಿ. ಪುಟ್ಟ ಮಗಳ ಕೈಗೆ ಸಿಗದ ಹಾಗೆ ಆ ಕೋಣೆಗೆ ಬೀಗ ಇರಲಿ, ಕೀಲಿಕೈ ನಿಮ್ಮ ಹತ್ತಿರ ಇರಲಿ.

ಬೀಗ ಹಾಕುವ ಮೊದಲು ಅವನ ಹತ್ತಿರ ಹೋಗಿ. ಈ ಅಂಕಣ ಓದುವವರಿಗೆ ನನ್ನ ಹಳೇ ಹಟ ಗೊತ್ತಿದೆ: ಮಕ್ಕಳ ಕೋಣೆಯ ಬಾಗಿಲಲ್ಲಿ ನಿಂತು ಮಾತಾಡಬೇಡಿ, ಒಳಗೆ ಹೋಗಿ ಕೂತ್ಕೊಳ್ಳಿ. ಮಂಚದ ಮೇಲೆ ಬಟ್ಟೆ ಬಿದ್ದಿದ್ದರೆ ಸರಿಸಿ ಕೂತ್ಕೊಳ್ಳಿ. 'ಅವತ್ತು ನೀನು ಕರೆದೆ, ನಾನು ಕಿರುಚಿಬಿಟ್ಟೆ. ಈಗ ಹೇಳು, ಇದನ್ನು ಯಾಕೆ ಮಾಡಬೇಕು ಅನ್ನಿಸಿತು?' ಅಂತ ಕೇಳಿ. ಕೇಳಿ ಸುಮ್ಮನಾಗಿ. ಅರ್ಧ ಗಂಟೆ ಅವನು ಮಾತಾಡದಿದ್ದರೂ ಏಳಬೇಡಿ. ನಿಮ್ಮ ಯಜಮಾನರನ್ನು ಆ ಹೊತ್ತಿಗೆ ಹೊರಗೇ ಇರಿಸಿ, ಅವರು ಮತ್ತೆ ನಗಬಹುದು. ಆಮೇಲೆ, ವಕೀಲರಿಗೆ ಫೋನ್ ಮಾಡುತ್ತಿದ್ದೇನೆ ಅಂತ ಅವನಿಗೆ ಮುಚ್ಚುಮರೆ ಇಲ್ಲದೆ ಹೇಳಿ. ಅವನು ನಿಮ್ಮಿಂದ ಮುಚ್ಚಿಡಲಿಲ್ಲ. ನೀವೂ ಮುಚ್ಚಿಡಬೇಡಿ.

ನಿಮ್ಮಣ್ಣನಿಗೆ ಫೋನ್ ಮಾಡಿ ಬಯ್ಯಬೇಕು ಅನ್ನಿಸುತ್ತೆ, ಗೊತ್ತು. ವಕೀಲರು ಮಾಡಬಹುದು ಅನ್ನುವವರೆಗೆ ಮಾಡಬೇಡಿ. ಆ ಲಿಂಕ್ ಕಳಿಸಿದವರು ಅವರು, ಅವರಿಗೂ ಬೇರೆ ವಕೀಲರು ಬೇಕಾಗಬಹುದು.