ಹಳೆಯ ಹಾಡುಗಳನ್ನೆಲ್ಲ ಸೇರಿಸಿ ದಿನಾ ಕೇಳಬೇಡಿ

ವಯಸ್ಸು 38, ಶಾಲೆ-ಕಾಲೇಜಿನ ಕಾಲದ ಹಾಡು ಬಿಟ್ಟರೆ ಬೇರೆ ಯಾವುದೂ ಹಿಡಿಸುವುದಿಲ್ಲ, ಎಲ್ಲವನ್ನೂ ಒಂದೇ ಪ್ಲೇಲಿಸ್ಟ್ ಮಾಡಿಕೊಂಡು ಕೇಳಲಾ ಎಂದಿದ್ದೀರಿ. ಬೇಡ ಮಾರಾಯ್ರೇ. ನಾನು ಅದನ್ನೇ ಮಾಡಿ ಕೆಟ್ಟೆ.

ನನ್ನದು ಮಂಡಗದ್ದೆ ಹತ್ತಿರದ ಹಳ್ಳಿ. ಪಿಯುಸಿಗೆ ದಿನಾ ತೀರ್ಥಹಳ್ಳಿಗೆ ಖಾಸಗಿ ಬಸ್ಸು. 1996ರಲ್ಲಿ 'ಜನುಮದ ಜೋಡಿ' ಬಂತು, ವಿ. ಮನೋಹರ್ ಸಂಗೀತ. ನಮ್ಮ ಡ್ರೈವರ್ ಆ ಕ್ಯಾಸೆಟ್ ಹಾಕಿದವನು ತೆಗೆಯಲೇ ಇಲ್ಲ. ಟೇಪ್ ಎಳೆದು ಎಳೆದು, ಹಾಡು ನಡುನಡುವೆ ನೀರಿನೊಳಗಿಂದ ಬಂದ ಹಾಗೆ ಕೇಳುತ್ತಿತ್ತು. ಮಳೆಗಾಲ. ಕಿಟಕಿಗೆ ಇಳಿಬಿಟ್ಟ ಟಾರ್ಪಲ್, ಕಾಲ ಬುಡದಲ್ಲಿ ಯಾರದೋ ಛತ್ರಿಯ ನೀರು, ಡೀಸೆಲ್ ವಾಸನೆ. ಅದರಲ್ಲಿ ಎಲ್.ಎನ್. ಶಾಸ್ತ್ರಿ ಹಾಡಿದ 'ಕೋಲುಮಂಡೆ' ಶುರುವಾದರೆ ಹಿಂದಿನ ಸೀಟಿನ ಹುಡುಗರೆಲ್ಲ ಮುಂದಿನ ಸೀಟಿನ ಕಬ್ಬಿಣದ ಮೇಲೆ ತಾಳ ಹಾಕುತ್ತಿದ್ದೆವು. ಕಂಡಕ್ಟರ್ ಬೈಯುತ್ತಿದ್ದ. ಬೈದು ತಾನೂ ಗುನುಗುತ್ತಿದ್ದ.

ಆಮೇಲೆ ಬೆಂಗಳೂರು. ಬನಶಂಕರಿಯಲ್ಲಿ ಮನೆ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ, ನಡುವೆ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್. 2016ರಲ್ಲಿ ಫೋನಿನಲ್ಲಿ 140 ಹಾಡು ಕೂಡಿಸಿದೆ. ಆ ಬಸ್ಸಿನ ಹಾಡುಗಳು, ಹಂಸಲೇಖ ಅವರದ್ದು, ರೇಡಿಯೋದಿಂದ ನಾನೇ ರೆಕಾರ್ಡ್ ಮಾಡಿಕೊಂಡಿದ್ದವು, ಇಷ್ಟವಾದದ್ದು ಒಂದೂ ಬಿಡಲಿಲ್ಲ. ಮೂರು ವರ್ಷ, ಹೋಗುವಾಗ ಒಂದೂವರೆ ಗಂಟೆ, ಬರುವಾಗ ಅಷ್ಟೇ. ಮೊದಲ ತಿಂಗಳು ಸ್ವರ್ಗ. ಸಿಗ್ನಲ್ಲಿನಲ್ಲಿ ಕಣ್ಣು ಮುಚ್ಚಿದರೆ ತುಂಗಾ ನದಿ.

ನನಗೆ ಏಟು ಬಿದ್ದಿದ್ದು ಇಲ್ಲಿ. ಕ್ಯಾಸೆಟ್ ಬೆನ್ನ ಮೇಲೆ ಎರಡು ಪುಟ್ಟ ಪ್ಲಾಸ್ಟಿಕ್ ಕಿವಿ ಇರುತ್ತಿದ್ದವು, ನೆನಪಿದೆ ಅಲ್ವಾ? ಅವನ್ನು ಮುರಿದರೆ ಅದರ ಮೇಲೆ ಇನ್ನೊಂದು ರೆಕಾರ್ಡ್ ಆಗುತ್ತಿರಲಿಲ್ಲ. ಇಷ್ಟದ ಕ್ಯಾಸೆಟ್ ಆದರೆ ನಾನು ಬಾಲ್‌ಪೆನ್ ತುದಿಯಿಂದ ಮೊದಲು ಆ ಕಿವಿ ಮುರಿಯುತ್ತಿದ್ದೆ. ತಂಗಿ ಅದಕ್ಕೆ ಸೆಲ್ಲೋ ಟೇಪ್ ಅಂಟಿಸಿ ಮೇಲೆ ತನ್ನ ಭಾವಗೀತೆ ತುಂಬುತ್ತಿದ್ದಳು, ಅದು ಬೇರೆ ಜಗಳ. ತಲೆಯೊಳಗಿನ ಹಾಡಿಗೆ ಅಂಥ ಕಿವಿ ಇಲ್ಲ. ಪ್ರತಿ ಸಲ ಕೇಳಿದಾಗಲೂ ಆ ಹೊತ್ತಿನ ಜಾಗ ಅದರ ಮೇಲೆ ಒಂಚೂರು ಹತ್ತುತ್ತದೆ. ನಾನು ಮೂರು ವರ್ಷ ಸಿಲ್ಕ್ ಬೋರ್ಡನ್ನು ಹತ್ತಿಸಿದೆ. ಹೋದ ವರ್ಷ ಊರಿಗೆ ಹೋಗುವಾಗ ಸಕ್ರೆಬೈಲು ದಾಟಿದ ಮೇಲೆ, ಬೇಕೆಂದೇ, ಕಾರಿನಲ್ಲಿ 'ಕೋಲುಮಂಡೆ' ಹಾಕಿದೆ. ಪಕ್ಕದಲ್ಲೇ ತುಂಗೆ, ಮಳೆ ಬೇರೆ. ಕಣ್ಣಿಗೆ ಬಂದಿದ್ದು ಫ್ಲೈಓವರ್ ಕಂಬ. ಜೊತೆಗೆ, ರಿಪೋರ್ಟ್ ಎಲ್ಲಿ ಎಂದು ಕೇಳುವ ಮ್ಯಾನೇಜರನ ಫೋನು. ಹೆಂಡತಿ ಯಾಕೆ ಮುಖ ಹೀಗಾಯ್ತು ಅಂದಳು. ಏನಂತ ಹೇಳಲಿ?

ಆಗಿನ ಹಾಡೇ ಮೇಲಾ, ಈಗಿನದು ಸಪ್ಪೆಯಾ ಎಂಬ ನಿಮ್ಮ ಪ್ರಶ್ನೆಯೇ ನನಗೆ ಸರಿ ಕಾಣುವುದಿಲ್ಲ. ಆಗಲೂ ಬೇಕಾದಷ್ಟು ಕಸ ಇತ್ತು. ಡ್ರೈವರ್ ಹತ್ತಿರ ಬೇರೆ ಕ್ಯಾಸೆಟ್ ಇರಲಿಲ್ಲ, ಹಾಗಾಗಿ ಒಂದೇ ಹಾಡನ್ನು ನೂರು ಸಲ ಕೇಳಿದೆವು. ಈಗಿನ ಒಂದು ಹಾಡನ್ನು ನೀವು ಹತ್ತು ಸಲ ಕೇಳಿದ್ದೀರಾ? ಇಪ್ಪತ್ತು ಸೆಕೆಂಡಿಗೆ ಬೆರಳು ಮುಂದಕ್ಕೆ ತಳ್ಳುತ್ತದೆ, ನನ್ನದೂ ಅಷ್ಟೇ. ಟ್ರಾಫಿಕ್ಕಿಗೆ ಹೊಸ ಹಾಡು ಹಾಕಿಕೊಳ್ಳಿ, ಹಾಳಾದರೆ ಅದು ಹಾಳಾಗಲಿ. ಹಳೆಯದು ಮದುವೆ ಮನೆಯಲ್ಲೋ ಆಟೋದಲ್ಲೋ ತಾನಾಗಿ ಬಂದರೆ ಕೇಳಿ. ನೀವಾಗಿ ಕರೆಯಬೇಡಿ.

ಮೊನ್ನೆ ಪಂಕ್ಚರ್ ಅಂಗಡಿಯಲ್ಲಿ ನಿಂತಿದ್ದೆ. ರೇಡಿಯೋದಲ್ಲಿ ಅದೇ ಬಸ್ಸಿನ ಕಾಲದ ಒಂದು ಹಾಡು ಬಂತು. ಆಗ ನನಗೆ ಸುತರಾಂ ಇಷ್ಟವಿರದ ಹಾಡು, ಅದಕ್ಕೇ 140ರಲ್ಲಿ ಸೇರಿಸಿರಲಿಲ್ಲ. ಎರಡು ಸಾಲು ಆಗಿತ್ತೋ ಇಲ್ಲವೋ, ಒದ್ದೆ ಬ್ಯಾಗು, ಟಾರ್ಪಲ್ ಬಡಿತ, ಚಿಲ್ಲರೆ ಇಲ್ವಾ ಎನ್ನುವ ಕಂಡಕ್ಟರ್, ಎಲ್ಲ ಬಂದು ನಿಂತವು. ಹುಡುಗ ಟೈರು ಹಾಕಿ ಮುಗಿಸಿ ಎರಡು ಸಲ ಕರೆದನಂತೆ. ಯಾವ ಹಾಡು ಅಂತ ಇಲ್ಲಿ ಬರೆಯಲ್ಲ. ಫೋನಿನಲ್ಲಿ ಹುಡುಕೋದಕ್ಕೂ ಹೋಗಿಲ್ಲ.