ಹೊಟ್ಟೆಯೊಳಗಿನ ಕೂಸಿಗೆ ಸ್ಟೀರಾಯ್ಡ್: ಮಿದುಳಿಗೆ ತೊಂದರೆಯಾ?

ಪ್ರಶ್ನೆ: ತವರಿಗೆ ಬಂದಿದ್ದ ಮಗಳಿಗೆ 30ನೇ ವಾರಕ್ಕೇ ನೋವು ಕಾಣಿಸಿಕೊಂಡಿತು. ಸುರಿಯುವ ಮಳೆಯಲ್ಲೇ ಶಿವಮೊಗ್ಗಕ್ಕೆ ಕರೆದುಕೊಂಡು ಹೋದೆವು. ಮಗುವಿನ ಶ್ವಾಸಕೋಶ ಬಲಿಯಲಿ ಅಂತ 24 ಗಂಟೆ ಅಂತರದಲ್ಲಿ ಎರಡು ಸಲ ಬೀಟಾಮೆಥಾಸೋನ್ ಇಂಜೆಕ್ಷನ್ ಕೊಟ್ಟರು. ನೋವು ನಿಂತಿತು, ಈಗ 35 ವಾರ. ಇದರಿಂದ ಕೋತಿಮರಿಗಳ ಮಿದುಳು ಹಾಳಾಗಿದೆಯಂತೆ ಅಂತ ಅಳಿಯ ಮೊಬೈಲಲ್ಲಿ ಓದಿದ್ದಾನೆ. ನಮ್ಮ ಗಬ್ಬದ ಹಸುವಿಗೂ ಸ್ಟೀರಾಯ್ಡ್ ಬೇಡ, ಕಂದು ಹಾಕೀತು ಅಂದಿದ್ದರು ದನದ ಡಾಕ್ಟರು. ಹೆದರಬೇಕಾ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ದನದ ಡಾಕ್ಟರು ಹೇಳಿದ್ದು ಸರಿ. ಈ ಇಂಜೆಕ್ಷನ್ನಿನ ಕಥೆ ಶುರುವಾಗುವುದೂ ಅಲ್ಲಿಂದಲೇ. ನ್ಯೂಜಿಲೆಂಡಿನ ಹೆರಿಗೆ ವೈದ್ಯ ಗ್ರಹಾಂ ಲಿಗ್ಗಿನ್ಸ್ ಕುರಿಗಳಲ್ಲಿ ಹೆರಿಗೆ ಹೇಗೆ ಶುರುವಾಗುತ್ತದೆ ಅಂತ ಹುಡುಕುತ್ತಿದ್ದರು. ಗರ್ಭದ ಮರಿಗೆ ಸ್ಟೀರಾಯ್ಡ್ ಹೋದರೆ ಕುರಿ ದಿನ ತುಂಬುವ ಮೊದಲೇ ಈಯುತ್ತಿತ್ತು, ಆದರೆ ಉಸಿರಾಡಲು ಆಗಬಾರದಷ್ಟು ಎಳೆಯ ಮರಿಗಳೂ ಉಸಿರಾಡುತ್ತಿದ್ದವು! ಅದನ್ನು ಅವರು 1969ರಲ್ಲಿ ಬರೆದರು. 1972ರಲ್ಲಿ ಮಕ್ಕಳ ವೈದ್ಯ ರಾಸ್ ಹೋವಿ ಜೊತೆ ಸೇರಿ, ಗರ್ಭಿಣಿಯರಿಗೆ ಕೊಟ್ಟರೂ ಮಗುವಿನ ಉಸಿರಿಗೆ ಇದು ನೆರವಾಗುತ್ತದೆ ಅಂತ ತೋರಿಸಿದರು. ಹೆಂಗಸರಲ್ಲಿ ಈ ಔಷಧಿಯಿಂದ ನೋವು ಶುರುವಾಗುವುದಿಲ್ಲ, ಆ ಚಿಂತೆ ಬಿಡಿ.

ಇನ್ನು ಅಳಿಯ ಓದಿದ್ದು. ಅದು ಸುಳ್ಳಲ್ಲ. ತಾಯಿಯ ಮೈಯಲ್ಲೇ ಹುಟ್ಟುವ ಕಾರ್ಟಿಸೋಲ್ ಎಂಬ ಸ್ಟೀರಾಯ್ಡ್ ಮಗುವಿಗೆ ಜಾಸ್ತಿ ಹೋಗದ ಹಾಗೆ ಮಾಸಿನಲ್ಲಿರುವ ಒಂದು ಕಿಣ್ವ ತಡೆಯುತ್ತದೆ, ಆದರೆ ಬೀಟಾಮೆಥಾಸೋನ್, ಅದೇ ಜಾತಿಯ ಡೆಕ್ಸಾಮೆಥಾಸೋನ್ ಅದರ ಕೈಗೆ ಸಿಗದೆ ದಾಟಿಬಿಡುತ್ತವೆ. ಶ್ವಾಸಕೋಶಕ್ಕೆ ಅದು ಬೇಕು, ಆದರೆ ಮಿದುಳಿಗೂ ಅದೇ ದಾರಿ ಅಲ್ವಾ? 1990ರಲ್ಲಿ ರೀಸಸ್ ಕೋತಿಗಳ ಮೇಲೆ ನಡೆದ ಪ್ರಯೋಗದಲ್ಲಿ ಮರಿಗಳ ಹಿಪೊಕ್ಯಾಂಪಸ್‌ನಲ್ಲಿ, ಅಂದರೆ ನೆನಪಿಗೆ ಬೇಕಾದ ಭಾಗದಲ್ಲಿ, ನರಕೋಶಗಳು ಕಡಿಮೆಯಾಗಿದ್ದವು. ಡೋಸ್ ಏರಿದಷ್ಟೂ ಹಾನಿ ಏರಿತ್ತು. ವಾರವಾರ ಇಂಜೆಕ್ಷನ್ ಕೊಟ್ಟ ಕುರಿಗಳ ಮರಿಗಳಲ್ಲಿ ಮಿದುಳಿನ ತೂಕ ಇಳಿದಿತ್ತು, ನರಗಳ ಮೇಲಿನ ಕೊಬ್ಬಿನ ಹೊದಿಕೆ ಬೆಳೆಯುವುದೂ ತಡವಾಗಿತ್ತು.

ಈಗ ಲೆಕ್ಕ ಹಾಕಿ. 60 ಕೆಜಿ ತೂಕದ ಹೆಂಗಸಿಗೆ 12 ಮಿಗ್ರಾಂನ ಎರಡು ಇಂಜೆಕ್ಷನ್ ಅಂದರೆ ಕೆಜಿಗೆ 0.4 ಮಿಗ್ರಾಂ. ಕೋತಿಗಳಿಗೆ ಕೊಟ್ಟ ಅತಿ ಹೆಚ್ಚಿನ ಡೋಸ್ ಕೆಜಿಗೆ 10 ಮಿಗ್ರಾಂ. ಹಾಗಂತ ಪ್ರಾಣಿ ಪ್ರಯೋಗ ಸುಮ್ನೆ ಅಂತ ತಳ್ಳಿಹಾಕುವವನು ನಾನಲ್ಲ. ಮತ್ತೆ ಮತ್ತೆ ಕೊಡಬೇಡಿ ಅಂತ ಈಗ ನಾವು ಹೇಳುವುದಕ್ಕೆ ಅದೂ ಒಂದು ಕಾರಣ. 2008ರಲ್ಲಿ ಬಂದ ದೊಡ್ಡ ಅಧ್ಯಯನವೊಂದರಲ್ಲಿ ಎರಡು ವಾರಕ್ಕೊಮ್ಮೆ ಔಷಧಿ ಪಡೆದ ತಾಯಂದಿರ ಮಕ್ಕಳ ತೂಕ, ತಲೆಯ ಸುತ್ತಳತೆ ಎರಡೂ ಕಡಿಮೆ ಇದ್ದವು, ಲಾಭವೂ ಹೆಚ್ಚಲಿಲ್ಲ.

ನಿಮ್ಮ ಮಗಳಿಗೆ ಆಗಿದ್ದು ಆ ಎರಡು ಇಂಜೆಕ್ಷನ್ ಸೇರಿ ಒಂದೇ ಕೋರ್ಸ್, ಅದೂ 30ನೇ ವಾರದಲ್ಲಿ. ಆ ರಾತ್ರಿಯೇ ಹೆರಿಗೆಯಾಗಿದ್ದರೆ ಕೂಸಿಗೆ ಉಸಿರೇ ಮೊದಲ ಕಷ್ಟವಾಗುತ್ತಿತ್ತು. ನಾನಿದ್ದರೂ ಕೊಡುತ್ತಿದ್ದೆ. ಇನ್ನೊಂದು ಹಾಕಿಸಿದರೆ ಒಳ್ಳೆಯದಾ ಅಂತ ನೀವಾಗಿ ಕೇಳಬೇಡಿ. ಇಂಜೆಕ್ಷನ್ ಹೆಸರು, ತಾರೀಕು ಇರುವ ಡಿಸ್ಚಾರ್ಜ್ ಕಾಗದ ಮಾತ್ರ ಜೋಪಾನ. ಹೆರಿಗೆಗೆ ಹೋಗುವಾಗ ಮರೆಯದೆ ತಗೊಂಡು ಹೋಗಿ, ಇಲ್ಲದಿದ್ದರೆ ಬೇರೆ ಆಸ್ಪತ್ರೆಯವರಿಗೆ ಇದೆಲ್ಲ ಗೊತ್ತಾಗುವುದು ಹೇಗೆ?